ಟೀವಿ ಯಾವ ಹೊತ್ತಿನಲ್ಲಿ ಆನ್ ಆಗುತ್ತದೆ ಎಂದು ಕೇಳಿ: ಮಕ್ಕಳ ಆರೈಕೆಯ ನಿಯಮ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಡೇ ಕೇರ್‌ಗಳಿಗೆ, ಶಿಶುವಿಹಾರಗಳಿಗೆ, ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಎಲ್ಲ ಕೇಂದ್ರಗಳಿಗೆ ಪರವಾನಗಿ ಕೊಡುವವರು ನೀವು. ಅಲ್ಲಿ ಏನಿರಬೇಕು, ಏನಿರಬಾರದು ಎಂದು ಬರೆಯುವವರೂ ನೀವೇ. ತಪಾಸಣೆಗೆ ಬಂದಾಗ ಮೆಟ್ಟಿಲಿಗೆ ಗೇಟ್ ಇದೆಯಾ, ಕಿಟಕಿ ಭದ್ರವಾಗಿದೆಯಾ, ಬೆಂಕಿ ಆರಿಸುವ ಸಿಲಿಂಡರ್‌ನ ಅವಧಿ ಮುಗಿದಿದೆಯಾ ಎಂದೆಲ್ಲ ನೋಡುತ್ತೀರಿ. ಗೋಡೆಯ ಮೇಲಿನ ಟೀವಿಯ ಬಗ್ಗೆ ಕೇಳುವುದು ಕಡಿಮೆ. ಕೇಳಿದರೂ "ದಿನಕ್ಕೆ ಎಷ್ಟು ಹೊತ್ತು ಹಾಕ್ತೀರಿ?" ಎನ್ನುತ್ತೀರಿ. "ಅರ್ಧ ಗಂಟೆ" ಎಂಬ ಉತ್ತರ ಬರುತ್ತದೆ. ಫಾರಂ ತುಂಬುತ್ತದೆ.

ನಾನು ಇಂಥ ಕೇಂದ್ರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುವವಳು. ಮನೆಯಲ್ಲಿ ನನಗೂ ಚಿಕ್ಕ ಮಕ್ಕಳಿದ್ದಾರೆ. ನೀವು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ ಎಂದು ಹೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಟೀವಿ ಯಾವ ಹೊತ್ತಿನಲ್ಲಿ ಆನ್ ಆಗುತ್ತದೆ ಎಂದು ಕೇಳಿ. ಆ ಹೊತ್ತಿನಲ್ಲಿ ಕೋಣೆಯಲ್ಲಿ ಮಕ್ಕಳು ಎಷ್ಟು, ದೊಡ್ಡವರು ಎಷ್ಟು ಎಂದು ಕೇಳಿ. ಕೈ ಸಾಲದ ಕಡೆಯೇ ಸ್ಕ್ರೀನ್ ಬರುತ್ತದೆ ಎಂಬುದು ನಿಮಗೇ ಗೊತ್ತಾಗುತ್ತದೆ. ಮನೆಯಲ್ಲೂ ಇದೇ ಕತೆ. ಅದಕ್ಕೇ ಈ ಪತ್ರವನ್ನು ನಿಮಗೊಬ್ಬರಿಗೇ ಕಳಿಸದೆ ಅಪ್ಪ ಅಮ್ಮಂದಿರೂ ಓದಲಿ ಎಂದು ಬಹಿರಂಗವಾಗಿ ಬರೆದಿದ್ದೇನೆ.

ಮೊದಲು ಎಲ್ಲರಿಗೂ ಗೊತ್ತಿದೆ ಎಂದುಕೊಂಡಿರುವ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 5 ವರ್ಷದೊಳಗಿನ ಮಕ್ಕಳಿಗಾಗಿ ಒಂದು ಮಾರ್ಗಸೂಚಿ ತಂದಿತು. ಹುಟ್ಟಿದಾಗಿನಿಂದ 2 ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಜನ ನೆನಪಿಟ್ಟುಕೊಂಡಿರುವುದು 1 ಗಂಟೆ ಎಂಬುದನ್ನು ಮಾತ್ರ. "ಕಡಿಮೆಯಾದಷ್ಟೂ ಒಳ್ಳೆಯದು" ಎಂಬುದು ಎಲ್ಲೋ ಬಿದ್ದುಹೋಯಿತು. 1 ಗಂಟೆ ಎನ್ನುವುದು ಮೇಲಿನ ಮಿತಿ. ಅದು ಮಗುವಿಗೆ ಕೊಡಲೇಬೇಕಾದ ಪಾಲು ಎಂಬಂತೆ ನಡೆದುಕೊಳ್ಳುತ್ತಿದ್ದೇವೆ.

ಆ ಮಾರ್ಗಸೂಚಿಯನ್ನು ಪೂರ್ತಿ ಓದಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಅದು ಸ್ಕ್ರೀನ್ ಬಗ್ಗೆ ಮಾತ್ರ ಬರೆದದ್ದಲ್ಲ. ಮಗುವಿನ 24 ಗಂಟೆ ಹೇಗಿರಬೇಕು ಎಂಬುದರ ಲೆಕ್ಕ ಅದು. 1ರಿಂದ 4 ವರ್ಷದ ಮಗು ದಿನದಲ್ಲಿ ಎಲ್ಲ ಸೇರಿ ಕಡಿಮೆಯೆಂದರೂ 180 ನಿಮಿಷ ಓಡಾಡಬೇಕು, ಆಡಬೇಕು. 1ರಿಂದ 2 ವರ್ಷದವರಿಗೆ ಹಗಲಿನ ನಿದ್ದೆಯೂ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. 3ರಿಂದ 4 ವರ್ಷದವರಿಗೆ 10ರಿಂದ 13 ಗಂಟೆ. ಕುರ್ಚಿಯಲ್ಲೋ ತಳ್ಳುಗಾಡಿಯಲ್ಲೋ ಬೆಲ್ಟ್ ಹಾಕಿ ಒಂದೇ ಸಲಕ್ಕೆ 1 ಗಂಟೆಗಿಂತ ಜಾಸ್ತಿ ಕೂರಿಸಬಾರದು. ಮಗು ಕೂತಿರುವಾಗ ದೊಡ್ಡವರು ಪುಸ್ತಕ ಓದಿ ಹೇಳಲಿ, ಕತೆ ಹೇಳಲಿ ಎಂದೂ ಅದರಲ್ಲಿದೆ. ನಿದ್ದೆ, ಆಟ, ಊಟ, ಸ್ನಾನ, ಮಾತು ಇಷ್ಟನ್ನೂ ಕೂಡಿಸಿ ನೋಡಿ. ಮಿಕ್ಕುವ ಹೊತ್ತು ಎಷ್ಟು? ಬಹಳ ಸ್ವಲ್ಪ.

ಈಗ ಒಂದು ಸರಳ ಲೆಕ್ಕ ಮಾಡೋಣ. ಆ 1 ಗಂಟೆ ಇಡೀ ದಿನಕ್ಕೆ. ಕೇಂದ್ರದಲ್ಲಿ ಒಂದು ಗಂಟೆ ಟೀವಿ ಹಾಕಿದೆವು ಎನ್ನಿ. ನಾವು ಮಿತಿಯೊಳಗೇ ಇದ್ದೇವೆ. ಸಂಜೆ ಮನೆಯಲ್ಲಿ ಒಂದು ಗಂಟೆ ಮೊಬೈಲ್ ಕೊಟ್ಟರು. ಅವರೂ ಮಿತಿಯೊಳಗೇ ಇದ್ದಾರೆ. ಯಾರೂ ತಪ್ಪು ಮಾಡಿಲ್ಲ. ಮಗು ಮಾತ್ರ ಎರಡು ಗಂಟೆ ನೋಡಿದೆ. ಇದರಲ್ಲಿ ಅಜ್ಜಿ ಮನೆಯ ಟೀವಿ ಸೇರಿಲ್ಲ, ಕಾರಿನಲ್ಲಿ ಕೊಟ್ಟ ಮೊಬೈಲ್ ಸೇರಿಲ್ಲ. ಒಟ್ಟು ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಹೀಗಿರುವಾಗ ಇಬ್ಬರಲ್ಲಿ ಒಬ್ಬರಾದರೂ ಸೊನ್ನೆಗೆ ಬರಬೇಕು. ಅದು ಕೇಂದ್ರವೇ ಆಗಬೇಕು ಎನ್ನುವುದು ನನ್ನ ಅಭಿಪ್ರಾಯ. ಮಕ್ಕಳ ಜೊತೆ ಇರುವುದಕ್ಕೇ ಸಂಬಳ ತೆಗೆದುಕೊಳ್ಳುವ ಜಾಗ ನಮ್ಮದು. ಅಡುಗೆ, ಬಟ್ಟೆ, ಕಚೇರಿಯ ಫೋನು, ಹುಷಾರಿಲ್ಲದ ಹಿರಿಯರು, ಎಲ್ಲವನ್ನೂ ಒಬ್ಬರೇ ಸಂಭಾಳಿಸುವ ಮನೆಗೆ ಒಂದಿಷ್ಟು ಸಡಿಲಿಕೆ ಬೇಕಾಗುತ್ತದೆ. ನಮಗೆ ಬೇಡ.

ಸ್ಕ್ರೀನ್ ನೋಡಿದರೆ ಮಕ್ಕಳ ಮೆದುಳು ಹಾಳಾಗುತ್ತದೆ ಎಂದು ಹೆದರಿಸುವ ಮಾತು ನನಗೆ ಇಷ್ಟವಿಲ್ಲ. ಅದರಿಂದ ಪ್ರಯೋಜನವೂ ಇಲ್ಲ. ಹೆದರಿದ ತಾಯಿ ಮೊಬೈಲ್ ಕೊಡುವುದನ್ನು ನಿಲ್ಲಿಸುವುದಿಲ್ಲ, ಕೊಟ್ಟದ್ದನ್ನು ಹೇಳುವುದನ್ನು ನಿಲ್ಲಿಸುತ್ತಾಳೆ. 2023ರಲ್ಲಿ ಜಪಾನಿನಿಂದ ಒಂದು ಅಧ್ಯಯನ ಬಂತು. 7,000ಕ್ಕೂ ಹೆಚ್ಚು ಮಕ್ಕಳದ್ದು. 1 ವರ್ಷದಲ್ಲಿ ಜಾಸ್ತಿ ಹೊತ್ತು ಸ್ಕ್ರೀನ್ ನೋಡುತ್ತಿದ್ದ ಮಕ್ಕಳಲ್ಲಿ 2 ವರ್ಷಕ್ಕೂ 4 ವರ್ಷಕ್ಕೂ ಮಾತುಕತೆಯ ಬೆಳವಣಿಗೆ ಹಿಂದೆ ಬಿದ್ದಿರುವುದು ಹೆಚ್ಚಾಗಿ ಕಂಡಿತು. ಸ್ಕ್ರೀನೇ ಅದಕ್ಕೆ ಕಾರಣ ಎಂದು ಆ ಅಧ್ಯಯನ ಸಾಬೀತು ಮಾಡುವುದಿಲ್ಲ. ಮನೆಯ ಕಷ್ಟ, ತಾಯಿಯ ಆಯಾಸ, ಜೊತೆಗಿಲ್ಲದ ಜನ, ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಆದರೆ ಸ್ಕ್ರೀನ್ ಬಂದ ಜಾಗದಿಂದ ಏನು ಹೊರಗೆ ಹೋಗುತ್ತದೆ ಎಂಬುದು ಚೆನ್ನಾಗಿ ಗೊತ್ತಿದೆ. ಹೊರಗೆ ಹೋಗುವುದು ಮಾತು.

ಆಸ್ಟ್ರೇಲಿಯಾದ ಸಂಶೋಧಕರು 220 ಕುಟುಂಬಗಳ ಮಕ್ಕಳಿಗೆ ಮಾತನ್ನು ಎಣಿಸುವ ಪುಟ್ಟ ರೆಕಾರ್ಡರ್ ಹಾಕಿ ನೋಡಿದರು. 2024ರಲ್ಲಿ ಅದರ ಫಲಿತಾಂಶ ಬಂತು. 3 ವರ್ಷದ ಮಗುವಿನ ಸ್ಕ್ರೀನ್ ಹೊತ್ತು 1 ನಿಮಿಷ ಹೆಚ್ಚಿದಂತೆ ಅದರ ಕಿವಿಗೆ ಬೀಳುವ ದೊಡ್ಡವರ ಮಾತಿನಲ್ಲಿ ಆರೇಳು ಪದ ಕಡಿಮೆಯಾಗಿತ್ತು. ಮಗು ತಾನೇ ಆಡುವ ಮಾತು ಸುಮಾರು 5 ಕಡಿಮೆ. ಒಬ್ಬರು ಹೇಳಿ ಇನ್ನೊಬ್ಬರು ಉತ್ತರಿಸುವ ಸರದಿ 1 ಕಡಿಮೆ. ಒಂದು ನಿಮಿಷಕ್ಕೆ ಇಷ್ಟು. ಈಗ ಒಂದು ಗಂಟೆಗೆ ಗುಣಿಸಿ ನೋಡಿ.

"ಟೀವಿಯಲ್ಲೂ ಮಾತೇ ಅಲ್ವಾ ಬರೋದು? ಕೇಳಿಸಿಕೊಂಡು ಕಲಿಯಲಿ ಬಿಡಿ" ಎಂದು ಹಲವು ಪೋಷಕರು ನನಗೆ ಹೇಳಿದ್ದಾರೆ. ಇದು ಕೇಳಬೇಕಾದ ಪ್ರಶ್ನೆಯೇ. ಉತ್ತರವೂ ಇದೆ. 2003ರಲ್ಲಿ ಅಮೆರಿಕದಲ್ಲಿ ಪ್ಯಾಟ್ರಿಷಿಯಾ ಕೂಲ್ ಮತ್ತು ಅವರ ಜೊತೆಗಾರರು 9 ತಿಂಗಳ ಕೂಸುಗಳ ಮೇಲೆ ಒಂದು ಪ್ರಯೋಗ ಮಾಡಿದರು. ಮನೆಯಲ್ಲಿ ಇಂಗ್ಲಿಷ್ ಮಾತ್ರ ಕೇಳಿ ಬೆಳೆಯುತ್ತಿದ್ದ ಕೂಸುಗಳು ಅವು. ಒಂದು ಗುಂಪಿನ ಮುಂದೆ ಚೀನೀ ಭಾಷೆ ಆಡುವವರು ಕೂತು, ಆಟಿಕೆ ತೋರಿಸಿ, ಪುಸ್ತಕ ಓದಿ ಆಡಿಸಿದರು. ತಲಾ 25 ನಿಮಿಷದಂತೆ 12 ಸಲ. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಆಟ, ಅದೇ ಮಾತು. ಆದರೆ ವೀಡಿಯೊದಲ್ಲಿ. ಮನುಷ್ಯರ ಜೊತೆ ಆಡಿದ ಕೂಸುಗಳು ಆ ಭಾಷೆಯ ಸದ್ದುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದನ್ನು ಕಲಿತವು. ವೀಡಿಯೊ ನೋಡಿದ ಕೂಸುಗಳು ಕಲಿಯಲಿಲ್ಲ.

ಯಾಕಿರಬಹುದು ಎಂದು ನಾನು ದಿನವೂ ಕಣ್ಣಾರೆ ನೋಡುತ್ತೇನೆ. ಕೂಸು ಏನನ್ನೋ ನೋಡುತ್ತದೆ. ನಾನೂ ಅದನ್ನೇ ನೋಡಿ ಅದರ ಹೆಸರು ಹೇಳುತ್ತೇನೆ. ಕೂಸು ತಿರುಗಿ ನನ್ನ ಬಾಯಿ ನೋಡುತ್ತದೆ. "ಬಾ" ಎನ್ನುತ್ತದೆ. ನಾನು ಕಾಯುತ್ತೇನೆ. ಮತ್ತೆ "ಬಾ". ನಾನು ಹೌದೆನ್ನುತ್ತೇನೆ, ಅದರ ಮೇಲೆ ಇನ್ನೊಂದು ಪದ ಸೇರಿಸುತ್ತೇನೆ. ಈ ಕಾಯುವಿಕೆ ಯಾವ ವೀಡಿಯೊಗೂ ಬರುವುದಿಲ್ಲ. ವೀಡಿಯೊ ಕೂಸಿನ ಮುಖ ನೋಡುವುದಿಲ್ಲ. ಅದು ಏನಂದರೂ ಒಂದೇ ವೇಗದಲ್ಲಿ ಮುಂದೆ ಹೋಗುತ್ತಿರುತ್ತದೆ.

ಯಾರೂ ನೋಡದಿದ್ದರೂ ಸುಮ್ನೆ ಓಡುತ್ತಿರುವ ಟೀವಿಯ ಬಗ್ಗೆಯೂ ಒಂದು ಮಾತು. ಇದನ್ನು ಯಾರೂ ಸ್ಕ್ರೀನ್ ಹೊತ್ತು ಎಂದು ಎಣಿಸುವುದಿಲ್ಲ. ಎಣಿಸಬೇಕು. 2008ರ ಒಂದು ಪ್ರಯೋಗದಲ್ಲಿ 1, 2, 3 ವರ್ಷದ ಮಕ್ಕಳನ್ನು ಒಂದು ಗಂಟೆ ಆಟಿಕೆಗಳ ಜೊತೆ ಬಿಟ್ಟರು. ಅದರಲ್ಲಿ ಅರ್ಧ ಗಂಟೆ ದೊಡ್ಡವರ ಕ್ವಿಜ್ ಕಾರ್ಯಕ್ರಮವೊಂದು ಓಡುತ್ತಿತ್ತು. ಮಕ್ಕಳು ಅದನ್ನು ನೋಡಿದ್ದು ಆಗೊಮ್ಮೆ ಈಗೊಮ್ಮೆ, ಕೆಲವು ಕ್ಷಣ ಅಷ್ಟೇ. ಆದರೂ ಆಟ ತುಂಡಾಯಿತು. ಒಂದು ಆಟಿಕೆಯ ಮೇಲೆ ಗಮನ ನಿಲ್ಲುವ ಹೊತ್ತು ಕಡಿಮೆಯಾಯಿತು. ದೊಡ್ಡವರ ಮೇಲೂ ಇದರ ಪರಿಣಾಮವಿದೆ. 2009ರ ಇನ್ನೊಂದು ಅಧ್ಯಯನದ ಪ್ರಕಾರ, ಟೀವಿಯ ಸದ್ದು ಕೇಳುವ ಪ್ರತಿ ಗಂಟೆಗೆ ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತಿನಲ್ಲಿ ಸುಮಾರು 770 ಪದ ಕಡಿಮೆ. ಮೂಲೆಯಲ್ಲಿ ಟೀವಿ ಓಡುತ್ತಿರುವ ಕೋಣೆಯಲ್ಲಿ ನಾವು ಕೆಲಸ ಮಾಡುವವರೂ ಮೂಕರಾಗುತ್ತೇವೆ. ಇದನ್ನು ನನ್ನ ಅನುಭವದಿಂದಲೂ ಹೇಳಬಲ್ಲೆ.

ಇನ್ನು ಹೊತ್ತಿನ ವಿಚಾರಕ್ಕೆ ಬರುತ್ತೇನೆ. ನಾನು ಕೆಲಸ ಮಾಡಿದ ಒಂದು ಕೇಂದ್ರದಲ್ಲಿ ಟೀವಿ ಆನ್ ಆಗುತ್ತಿದ್ದ ಹೊತ್ತುಗಳು ದಿನವೂ ಅವೇ. ಬೇರೆ ಕೇಂದ್ರಗಳಲ್ಲಿರುವ ಗೆಳತಿಯರೂ ಅವನ್ನೇ ಹೇಳುತ್ತಾರೆ.

ಬೆಳಿಗ್ಗೆ ಮಕ್ಕಳು ಬರುವ ಹೊತ್ತು ಒಂದು. ಒಬ್ಬರು ಬಾಗಿಲಲ್ಲಿ ನಿಂತು ಅಳುವ ಮಗುವನ್ನು ತಾಯಿಯ ಕೈಯಿಂದ ತೆಗೆದುಕೊಳ್ಳಬೇಕು. ಚೀಲ ಇಡಬೇಕು. ರಾತ್ರಿ ಜ್ವರ ಇತ್ತಾ, ಔಷಧಿ ಕೊಡಬೇಕಾ ಎಂದು ಕೇಳಿ ಬರೆದುಕೊಳ್ಳಬೇಕು. ಒಳಗೆ ಆಗಲೇ ಬಂದಿರುವ ಮಕ್ಕಳ ಜೊತೆ ಇನ್ನೊಬ್ಬರು ಇರಬೇಕು. ಆ ಇನ್ನೊಬ್ಬರು ಅರ್ಧ ಗಂಟೆ ಆದಮೇಲೆ ಬರುತ್ತಾರೆ, ಯಾಕೆಂದರೆ ಅವರ ಪಾಳಿ ಶುರುವಾಗುವುದೇ ಆಗ. ಟೀವಿ ಆನ್ ಆಗುತ್ತದೆ.

ಊಟದ ಹೊತ್ತು ಇನ್ನೊಂದು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಮನೆಯಲ್ಲೂ ಮೊಬೈಲ್ ಮೊದಲು ಒಳಗೆ ಬರುವುದು ತುತ್ತಿನ ಜೊತೆಗೇ. ಟೀವಿ ನೋಡುತ್ತಾ ಮಗು ಬಾಯಿ ತೆರೆಯುತ್ತದೆ. ಹಾಕಿದ್ದನ್ನು ನುಂಗುತ್ತದೆ. ತಟ್ಟೆ ಬೇಗ ಖಾಲಿಯಾಗುತ್ತದೆ. ಎಲ್ಲರಿಗೂ ಸಮಾಧಾನ. ಆದರೆ ಆ ಮಗು ಏನು ತಿಂದಿತು ಎಂದು ಅದಕ್ಕೇ ಗೊತ್ತಿಲ್ಲ. ಹೊಟ್ಟೆ ತುಂಬಿತು ಎಂದು ತಲೆ ಅಲ್ಲಾಡಿಸುವುದನ್ನು ಅದು ಮರೆತಿರುತ್ತದೆ. ಟೀವಿ ಇಲ್ಲದ ಊಟ ಗಲೀಜಾಗಿರುತ್ತದೆ, ನಿಜ. ನೆಲದ ಮೇಲೆ, ಕೂದಲಲ್ಲಿ, ಪಕ್ಕದ ಮಗುವಿನ ಅಂಗಿಯ ಮೇಲೆ ಅನ್ನ. ಹೊತ್ತೂ ದುಪ್ಪಟ್ಟು ಹಿಡಿಯುತ್ತದೆ. ಆದರೆ ಬೆರಳಿನಿಂದ ಮುಟ್ಟಿ ಬಿಸಿಯಾ ತಣ್ಣಗಾ ಎಂದು ನೋಡುವುದು, ಬೇಡ ಎನ್ನುವುದು, ಇನ್ನೂ ಬೇಕು ಎನ್ನುವುದು, ಪಕ್ಕದವನ ತಟ್ಟೆಗೆ ಕೈ ಹಾಕಿ ಜಗಳ ಆಡುವುದು, ಇದೆಲ್ಲ ಆಗುವುದು ಅಲ್ಲಿಯೇ. ಪುಟ್ಟ ಮಗುವಿನ ದಿನದಲ್ಲಿ ಊಟಕ್ಕಿಂತ ದೊಡ್ಡ ಪಾಠದ ಹೊತ್ತು ನನಗೆ ಗೊತ್ತಿಲ್ಲ. ಅಷ್ಟೂ ಮಕ್ಕಳಿಗೆ ಒಬ್ಬಳೇ ತಿನ್ನಿಸಬೇಕಾದಾಗ ಆ ಪಾಠ ನಡೆಸಲು ಆಗುವುದಿಲ್ಲ.

ಮಲಗುವ ಮುಂಚಿನ ಹೊತ್ತು ಮತ್ತೊಂದು. ಒಬ್ಬರು ಹಾಸಿಗೆ ಹಾಸುತ್ತಾರೆ, ಇನ್ನೊಬ್ಬರು ಡೈಪರ್ ಬದಲಿಸುತ್ತಾರೆ. ಮಿಕ್ಕವರನ್ನು ಒಂದೆಡೆ ಕೂರಿಸಲು ಟೀವಿ.

ಎಲ್ಲಕ್ಕಿಂತ ಉದ್ದನೆಯದು ಸಂಜೆಯ ಕೊನೆಯ ಹೊತ್ತು. ಕೆಲಸದವರು ಒಬ್ಬೊಬ್ಬರಾಗಿ ಮನೆಗೆ ಹೋಗಿರುತ್ತಾರೆ. ಅಪ್ಪ ಅಮ್ಮ ಬರುವುದು ತಡ. ಉಳಿದ ಮಕ್ಕಳು ಬಳಲಿರುತ್ತಾರೆ, ರಚ್ಚೆ ಹಿಡಿದಿರುತ್ತಾರೆ. ಅದೇ ಹೊತ್ತಿನಲ್ಲಿ ಕಸ ಗುಡಿಸಬೇಕು, ಆಟಿಕೆ ತೊಳೆಯಬೇಕು, ನಾಳೆಗೆ ತಯಾರಿ ಮಾಡಬೇಕು. ಇರುವುದು ಎರಡೇ ಕೈ. ನಿಮ್ಮ ತಪಾಸಣೆಯವರು ಈ ಹೊತ್ತಿನಲ್ಲಿ ಬಂದದ್ದನ್ನು ನಾನು ನೋಡಿಲ್ಲ. ಅವರು ಬರುವುದು ಬೆಳಗಿನ ಚಟುವಟಿಕೆ ನಡೆಯುವಾಗ. ಆಗ ಎಲ್ಲರೂ ಇರುತ್ತೇವೆ, ಬಣ್ಣದ ಕಾಗದ ಹರಡಿರುತ್ತದೆ, ಟೀವಿ ಆಫ್ ಆಗಿರುತ್ತದೆ.

ಇದನ್ನೆಲ್ಲ ಬರೆಯುವುದು ಯಾರನ್ನೂ ದೂರುವುದಕ್ಕಲ್ಲ. ಮಕ್ಕಳನ್ನು ಪ್ರೀತಿಸದವರು ಈ ಕೆಲಸದಲ್ಲಿ ಬಹಳ ದಿನ ಉಳಿಯುವುದಿಲ್ಲ. ಮಕ್ಕಳ ಸಂಖ್ಯೆ, ಕೆಲಸದವರ ಸಂಖ್ಯೆ ಇವೆರಡೂ ಬದಲಾಗದಿದ್ದರೆ "ಟೀವಿ ಹಾಕಬಾರದು" ಎಂಬ ನಿಯಮ ಬರೀ ಕಾಗದದ ಮೇಲೆ ಇರುತ್ತದೆ ಎಂದು ಹೇಳುತ್ತಿದ್ದೇನೆ. ಅಮೆರಿಕದಲ್ಲಿ ಮಕ್ಕಳ ವೈದ್ಯರ ಅಕಾಡೆಮಿ ಮತ್ತು ಇತರರು ಸೇರಿ ಆರೈಕೆ ಕೇಂದ್ರಗಳಿಗೆ ಮಾನದಂಡ ಬರೆದಿದ್ದಾರೆ. 1 ವರ್ಷದವರೆಗಿನ 3 ಕೂಸುಗಳಿಗೆ ಒಬ್ಬರು. 3 ವರ್ಷದೊಳಗಿನ 4 ಮಕ್ಕಳಿಗೆ ಒಬ್ಬರು. 3 ವರ್ಷದ 7 ಮಕ್ಕಳಿಗೆ ಒಬ್ಬರು. ಇದು ಶಿಫಾರಸು ಅಷ್ಟೇ, ಅಲ್ಲೂ ಎಲ್ಲ ಕಡೆ ಇದನ್ನು ಪಾಲಿಸುವುದಿಲ್ಲ. ಆದರೂ ಗಮನಿಸಿ. ಈ ಅಂಕಿಯನ್ನು ಇಡೀ ದಿನದ ಸರಾಸರಿಯಾಗಿ ನೋಡಿದರೆ ಸಾಲದು. ಬೆಳಿಗ್ಗೆ ಬಾಗಿಲು ತೆರೆದಾಗ ಎಷ್ಟು, ಸಂಜೆ ಕೊನೆಯ ಮಗು ಹೋಗುವಾಗ ಎಷ್ಟು ಎಂದು ನೋಡಬೇಕು. ಹಾಜರಿ ಪುಸ್ತಕದ ಪಕ್ಕದಲ್ಲಿ ನಮ್ಮ ಪಾಳಿಯ ಪಟ್ಟಿ ಇಟ್ಟರೆ ಸಾಕು, ಟೀವಿ ಯಾವಾಗ ಓಡುತ್ತಿತ್ತು ಎಂದು ಯಾರನ್ನೂ ಕೇಳದೆ ಹೇಳಬಹುದು.

ಬೇರೆ ದೇಶಗಳು ಏನು ಮಾಡಿವೆ ಎಂದು ನೀವು ನೋಡಿಯೇ ಇರುತ್ತೀರಿ. 2008ರಲ್ಲೇ ಫ್ರಾನ್ಸಿನ ಪ್ರಸಾರ ನಿಯಂತ್ರಣ ಮಂಡಳಿ, 3 ವರ್ಷದೊಳಗಿನವರಿಗೆಂದೇ ಕಾರ್ಯಕ್ರಮ ಮಾಡಿ ಬಿತ್ತರಿಸಬಾರದು ಎಂದು ಅಲ್ಲಿನ ಚಾನೆಲ್‌ಗಳಿಗೆ ಹೇಳಿತು. 2025ರಲ್ಲಿ ಅದೇ ದೇಶ, 3 ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವ ಜಾಗಗಳಲ್ಲಿ ಮಕ್ಕಳಿಗೆ ಸ್ಕ್ರೀನ್ ತೋರಿಸುವುದನ್ನು ನಿಷೇಧಿಸಿತು. ಸ್ವೀಡನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2024ರಲ್ಲಿ 2 ವರ್ಷದವರೆಗೆ ಸ್ಕ್ರೀನ್ ಬೇಡವೇ ಬೇಡ, 2ರಿಂದ 5 ವರ್ಷದವರಿಗೆ ಹೆಚ್ಚೆಂದರೆ 1 ಗಂಟೆ ಎಂದಿತು. ತೈವಾನ್ 2015ರಲ್ಲಿ ಮಾಡಿದ ಕಾನೂನಿನಲ್ಲಿ ಮಗುವಿಗೆ ಮೊಬೈಲ್, ಟ್ಯಾಬ್‌ನಂಥ ಸಾಧನವನ್ನು ಅತಿಯಾಗಿ ಕೊಡುವ ಪೋಷಕರಿಗೆ ದಂಡ ಹಾಕಲೂ ಅವಕಾಶವಿದೆ. ದಂಡದ ದಾರಿ ನನಗೆ ಸರಿ ಕಾಣುವುದಿಲ್ಲ. ಮನೆಯ ಬಾಗಿಲ ಹಿಂದೆ ಯಾರು ನೋಡುತ್ತಾರೆ? ಮತ್ತೆ, ಒಬ್ಬಳೇ ಮಕ್ಕಳನ್ನು ಸಾಕುತ್ತಿರುವ ತಾಯಿಗೆ ಅದರಿಂದ ಇನ್ನೊಂದು ಭಾರ ಅಷ್ಟೇ. ಫ್ರಾನ್ಸಿನ ದಾರಿ ಮೇಲು. ನಿಯಮ ನಮ್ಮ ಮೇಲೆ, ಸಲಹೆ ಮನೆಗೆ.

ಮನೆಯವರಿಗೆ ನೇರವಾಗಿ ಕೆಲವು ಮಾತು ಹೇಳಬೇಕು. ಅಧಿಕಾರಿಗಳೂ ಓದಲಿ, ಯಾಕೆಂದರೆ ನೀವು ಪೋಷಕರಿಗೆ ಹಂಚುವ ಕಾಗದಗಳಲ್ಲಿ ಇವು ಇರುವುದಿಲ್ಲ.

ಹಟ ಮಾಡುವ ಮಗುವಿಗೆ ಮೊಬೈಲ್ ಕೊಟ್ಟರೆ ಅಳು ತಕ್ಷಣ ನಿಲ್ಲುತ್ತದೆ. ಅದಕ್ಕೇ ಅಷ್ಟು ಕಷ್ಟ, ಈ ಅಭ್ಯಾಸ ಬಿಡುವುದು. ಅಮೆರಿಕದ ಮಕ್ಕಳ ವೈದ್ಯೆ ಜೆನ್ನಿ ರಡೆಸ್ಕಿ ಮತ್ತು ಜೊತೆಗಾರರು 3ರಿಂದ 5 ವರ್ಷದ ಮಕ್ಕಳನ್ನು ಕೆಲವು ತಿಂಗಳು ಹಿಂಬಾಲಿಸಿ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಮಾಧಾನ ಮಾಡಲು ಪದೇ ಪದೇ ಸಾಧನ ಕೊಡುತ್ತಿದ್ದ ಕಡೆ, ಮುಂದೆ ಮಕ್ಕಳ ಸಿಟ್ಟು, ರಂಪ ಜಾಸ್ತಿಯಾಗಿದ್ದು ಕಂಡಿತು. ಗಂಡು ಮಕ್ಕಳಲ್ಲಿ, ಮೊದಲೇ ಒಂದೆಡೆ ನಿಲ್ಲದ, ದುಡುಕಿನ ಸ್ವಭಾವ ಇದ್ದವರಲ್ಲಿ ಇದು ಎದ್ದು ಕಾಣುತ್ತಿತ್ತು. ಅಂದರೆ ಯಾವ ಮಗುವಿಗೆ ಮೊಬೈಲ್ ಕೊಡಬೇಕು ಅಂತ ಹೆಚ್ಚು ಅನ್ನಿಸುತ್ತದೋ, ಆ ಮಗುವಿಗೇ ಅದು ಹೆಚ್ಚು ತೊಂದರೆ. ಅಳುವುದಕ್ಕೆ ಬಿಡಿ. ಪಕ್ಕದಲ್ಲಿ ಕೂತಿರಿ. "ಬೇಜಾರಾಗಿದೆ ನಿನಗೆ, ಅದು ಬೇಕಿತ್ತು, ಸಿಗಲಿಲ್ಲ" ಎಂದು ಮಗುವಿನ ಪರವಾಗಿ ನೀವೇ ಹೇಳಿ. ಮೊದಮೊದಲು ಅಳು ಉದ್ದವಾಗಿಯೇ ಇರುತ್ತದೆ. ನಾಲ್ಕು ಜನರ ಎದುರಿಗಾದರೆ ನಮಗೇ ಬೆವರು ಬರುತ್ತದೆ. ಆದರೂ ಅಳು ನಿಲ್ಲುತ್ತದೆ. ನಾನು ಹೇಳುವುದನ್ನು ನಂಬಿ, ಇದು ನನ್ನ ದಿನದ ಕೆಲಸ.

ಒಂದು ಕಾರ್ಯಕ್ರಮ ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವ ಸೌಲಭ್ಯವನ್ನು ಇವತ್ತೇ ಆಫ್ ಮಾಡಿ. "ಇದೊಂದು ಮುಗಿದಮೇಲೆ ನಿಲ್ಲಿಸೋಣ" ಎಂದು ಮಗುವಿಗೆ ಹೇಳುತ್ತೇವೆ. ಆದರೆ ಮುಗಿಯುವುದೇ ಇಲ್ಲದ ಹಾಗೆ ಅದನ್ನು ಮಾಡಿಟ್ಟಿದ್ದಾರೆ. ಎರಡು ವರ್ಷದ ಮಗು ತಾನಾಗಿ ನಿಲ್ಲಿಸಲಿ ಎಂದು ಬಯಸುವುದು ನ್ಯಾಯವಲ್ಲ. ದೊಡ್ಡವರಿಗೇ ಆಗುವುದಿಲ್ಲ.

ರಾತ್ರಿ ಮಲಗುವ ಒಂದು ಗಂಟೆ ಮುಂಚೆ ಎಲ್ಲ ಸ್ಕ್ರೀನ್ ಆಫ್ ಆಗಿರಲಿ. ಕತ್ತಲಾದಂತೆ ಮೈಯಲ್ಲಿ ಮೆಲಟೋನಿನ್ ಎಂಬ ಹಾರ್ಮೋನ್ ಏರುತ್ತದೆ, ನಿದ್ದೆಯ ಹೊತ್ತಾಯಿತು ಎಂದು ಮೈಗೆ ತಿಳಿಯುವುದು ಅದರಿಂದ. 2018ರ ಒಂದು ಪ್ರಯೋಗದಲ್ಲಿ 3ರಿಂದ 5 ವರ್ಷದ ಮಕ್ಕಳನ್ನು ಮಲಗುವ ಮುಂಚಿನ ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಆಡಲು ಬಿಟ್ಟಾಗ ಆ ಹಾರ್ಮೋನ್ ಸುಮಾರು 90 ಶೇಕಡದಷ್ಟು ಕುಸಿಯಿತು. ಅಲ್ಲಿ ಬಳಸಿದ ಬೆಳಕು ಮೊಬೈಲಿಗಿಂತ ಬಹಳ ಜೋರಿನದು, ಆದ್ದರಿಂದ ಆ ಅಂಕಿಯನ್ನು ಹಾಗೇ ಮೊಬೈಲಿಗೆ ಹಚ್ಚುವಂತಿಲ್ಲ. ಪುಟ್ಟ ಕಣ್ಣುಗಳು ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದು ಮಾತ್ರ ಅದರಿಂದ ಗೊತ್ತಾಗುತ್ತದೆ. ನಿದ್ದೆ ಸರಿಯಾಗದ ಮಗು ಮಾರನೆಯ ದಿನ ನಮ್ಮ ಬಳಿ ಬಂದಾಗ ಬಾಗಿಲಲ್ಲೇ ತಿಳಿಯುತ್ತದೆ.

ಹಗಲು ಹೊರಗೆ ಬಿಡಿ. ಚೀನಾದ ಗುವಾಂಗ್‌ಝೌನಲ್ಲಿ 6-7 ವರ್ಷದ ಶಾಲಾ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಿಗೆ ಬಯಲಿನಲ್ಲಿ ಕಳೆಯುವ ವ್ಯವಸ್ಥೆ ಮಾಡಿದರು. 3 ವರ್ಷದಲ್ಲಿ ಆ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವ ದೋಷ) ಬಂದದ್ದು 30.4 ಶೇಕಡ ಮಂದಿಗೆ. ಆ ವ್ಯವಸ್ಥೆ ಇಲ್ಲದ ಶಾಲೆಗಳಲ್ಲಿ 39.5 ಶೇಕಡ. ಖರ್ಚಿಲ್ಲದ ಮದ್ದು ಇದು.

ದೂರದಲ್ಲಿರುವ ಅಜ್ಜ ಅಜ್ಜಿಯ ಜೊತೆ ವೀಡಿಯೊ ಕಾಲ್ ಮಾಡಿದರೆ ತಪ್ಪಾ ಎಂದು ಕೇಳುತ್ತಾರೆ. ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ 18 ತಿಂಗಳೊಳಗಿನವರಿಗೆ ಸ್ಕ್ರೀನ್ ಬೇಡ ಎಂದಾಗಲೂ ವೀಡಿಯೊ ಕಾಲ್ ಅನ್ನು ಹೊರಗಿಟ್ಟಿತ್ತು. ಆ ಕಡೆ ಮಗುವಿಗೆ ಉತ್ತರ ಕೊಡುವ ಮನುಷ್ಯರಿದ್ದಾರಲ್ಲ.

ಇನ್ನೊಂದು ವಿಷಯವಿದೆ. ಪೋಷಕರಿಗೆ ಇದು ಕಹಿಯಾಗಬಹುದು. ದಿನವಿಡೀ ಫೋಟೊ ಕಳಿಸಿ, ವೀಡಿಯೊ ಕಳಿಸಿ ಎಂದು ಕೇಳುತ್ತೀರಿ. ಮಗು ಊಟ ಮಾಡಿತಾ, ಫೋಟೊ. ಮಲಗಿತಾ, ಫೋಟೊ. ಮಗುವನ್ನು ಬಿಟ್ಟು ಹೋದ ಜೀವ ಅಲ್ಲಿ ಎಷ್ಟು ಮಿಡಿಯುತ್ತಿರುತ್ತದೆ ಎಂದು ನನಗೆ ಅರ್ಥವಾಗುತ್ತದೆ. ಆದರೆ ಪ್ರತಿ ಫೋಟೊಗೂ ನನ್ನ ಕೈಗೆ ಮೊಬೈಲ್ ಬರುತ್ತದೆ. ಮಗು ಬ್ಲಾಕ್‌ಗಳನ್ನು ಒಂದರ ಮೇಲೊಂದು ಇಟ್ಟು ನನ್ನ ಕಡೆ ನೋಡಿದಾಗ ಅದಕ್ಕೆ ನನ್ನ ಮುಖ ಕಾಣುವುದಿಲ್ಲ, ಮೊಬೈಲಿನ ಬೆನ್ನು ಕಾಣುತ್ತದೆ. ಸಂಜೆ ಕರೆದುಕೊಂಡು ಹೋಗುವಾಗ ಐದು ನಿಮಿಷ ನಿಲ್ಲಿ. ದಿನ ಹೇಗಿತ್ತು ಎಂದು ಬಾಯಿಂದಲೇ ಹೇಳುತ್ತೇನೆ. ಆ ಐದು ನಿಮಿಷ ನಿಮ್ಮ ಮೊಬೈಲೂ ಜೇಬಿನಲ್ಲಿರಲಿ, ಯಾಕೆಂದರೆ ಮಗು ದಿನವಿಡೀ ಕಾದದ್ದು ನಿಮ್ಮ ಮುಖಕ್ಕೆ.

ಮತ್ತೆ, ಕೇಂದ್ರ ಆರಿಸುವಾಗ ದೊಡ್ಡ ಸ್ಮಾರ್ಟ್ ಟೀವಿ, ಟ್ಯಾಬ್‌ನಲ್ಲಿ ಅಕ್ಷರ ಕಲಿಕೆ ಇದನ್ನೆಲ್ಲ ನೋಡಿ ಮೆಚ್ಚಬೇಡಿ. ಮೂರು ವರ್ಷದವರಿಗೆ ಅಕ್ಷರ ಕಲಿಸುವ ಆ್ಯಪ್ ಇದೆ ಎಂದು ಹೇಳಿಕೊಳ್ಳುವ ಕೇಂದ್ರದಲ್ಲಿ ಕೆಲಸದವರು ಎಷ್ಟು ಮಂದಿ, ಅವರು ಎಷ್ಟು ದಿನದಿಂದ ಅಲ್ಲಿದ್ದಾರೆ ಎಂದು ಕೇಳಿ.

ಈಗ ನಿಯಮ ಬರೆಯುವ ನಿಮ್ಮಲ್ಲಿ ನನ್ನ ಬೇಡಿಕೆ. ಪರವಾನಗಿಯ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆಯಿರಿ: 2 ವರ್ಷದೊಳಗಿನ ಮಕ್ಕಳಿರುವ ಕೋಣೆಯಲ್ಲಿ ಟೀವಿ, ಟ್ಯಾಬ್ ಇರಬಾರದು. ಅದಕ್ಕಿಂತ ದೊಡ್ಡ ಮಕ್ಕಳ ಕೋಣೆಯಲ್ಲೂ ದಿನನಿತ್ಯದ ಟೀವಿ ಬೇಡ. ಎಂದಾದರೊಮ್ಮೆ ತೋರಿಸುವುದಿದ್ದರೆ ಜೊತೆಗೆ ಒಬ್ಬರು ಕೂತು ಮಕ್ಕಳೊಂದಿಗೆ ಅದರ ಬಗ್ಗೆ ಮಾತಾಡಬೇಕು, ಅವತ್ತೇ ಪೋಷಕರಿಗೆ ಹೇಳಬೇಕು. ಊಟದ ಹೊತ್ತಿನಲ್ಲಿ, ಮಲಗುವ ಹೊತ್ತಿನಲ್ಲಿ ಯಾವ ವಯಸ್ಸಿನವರಿಗೂ ಇಲ್ಲ. ಸೇರಿಸಿಕೊಳ್ಳುವ ದಿನವೇ ಇದನ್ನು ಪೋಷಕರ ಕೈಗೆ ಬರಹದಲ್ಲಿ ಕೊಡಬೇಕು. ಒಂದು ವಿನಾಯಿತಿಯನ್ನು ದಯವಿಟ್ಟು ಮರೆಯಬೇಡಿ. ಬಾಯಿಂದ ಮಾತಾಡಲಾಗದ ಕೆಲವು ಮಕ್ಕಳು ಟ್ಯಾಬ್‌ನ ಚಿತ್ರ ಮುಟ್ಟಿ ತಮಗೆ ಬೇಕಾದ್ದನ್ನು ಹೇಳುತ್ತಾರೆ. ಅದು ಅವರ ದನಿ. ನಿಯಮದ ಹೆಸರಿನಲ್ಲಿ ಅದನ್ನು ಯಾರೂ ಕಸಿದುಕೊಳ್ಳುವಂತೆ ಆಗಬಾರದು.

ಇಷ್ಟು ಬರೆದು ನಿಲ್ಲಿಸಿದರೆ ನಿಯಮ ಉಳಿಯುವುದಿಲ್ಲ. ಬೆಳಗಿನ ಮೊದಲ ಅರ್ಧ ಗಂಟೆಗೂ ಸಂಜೆಯ ಕೊನೆಯ ಒಂದು ಗಂಟೆಗೂ ಎಷ್ಟು ಮಂದಿ ಇರಬೇಕು ಎಂದು ಬೇರೆಯಾಗಿ ನಮೂದಿಸಿ. ಗುಡಿಸುವುದು, ತೊಳೆಯುವುದು ಮಕ್ಕಳು ಹೋದಮೇಲೆ ಎಂದು ಬರೆಯಿರಿ, ಆ ಹೊತ್ತಿಗೂ ಸಂಬಳ ಕೊಡಬೇಕೆಂದು ಬರೆಯಿರಿ. ಜನ ಹೆಚ್ಚಿದರೆ ಖರ್ಚು ಹೆಚ್ಚುತ್ತದೆ, ಸಣ್ಣ ಕೇಂದ್ರಗಳಿಗೆ ಅದು ಹೊರೆ. ಆ ಹೊರೆಯನ್ನು ಶುಲ್ಕದ ರೂಪದಲ್ಲಿ ಪೂರ್ತಿ ಪೋಷಕರ ಮೇಲೆ ಹಾಕಿದರೆ ಮಕ್ಕಳು ನೋಂದಣಿಯೇ ಇಲ್ಲದ ಜಾಗಗಳಿಗೆ ಹೋಗುತ್ತಾರೆ. ಅಲ್ಲಿ ಟೀವಿ ಬೆಳಿಗ್ಗೆಯಿಂದ ಸಂಜೆಯವರೆಗೆ ಓಡುತ್ತದೆ. ಆದ್ದರಿಂದ ಸರ್ಕಾರದ ನೆರವು ಇದರಲ್ಲಿ ಸೇರಲೇಬೇಕು. ನಿಯಮ ಮುರಿದಾಗ ಕೆಳಗಿನ ಕೆಲಸದವಳ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳಲು ಬಿಡಬೇಡಿ. ಪಾಳಿಯ ಪಟ್ಟಿಗೆ ಸಹಿ ಹಾಕಿದವರನ್ನು ಕೇಳಿ.

ತಪಾಸಣೆಗೆ ಸಂಜೆ ಬನ್ನಿ, ಮೊದಲೇ ಹೇಳದೆ ಬನ್ನಿ.

ನಿಯಮದ ಕರಡು ತಯಾರಾದಾಗ ಕೇಂದ್ರಗಳ ಮಾಲೀಕರನ್ನು ನೀವು ಕರೆಯುತ್ತೀರಿ. ತಜ್ಞರನ್ನೂ ಕರೆಯುತ್ತೀರಿ. ಮಕ್ಕಳ ಜೊತೆ ನೆಲದ ಮೇಲೆ ಕೂರುವವರನ್ನೂ ಕರೆಯಿರಿ. ಸಭೆಯನ್ನು ಕೆಲಸದ ದಿನ ಇಟ್ಟರೆ ನಮಗೆ ಬರಲಾಗುವುದಿಲ್ಲ, ಬಂದರೆ ಕೇಂದ್ರದಲ್ಲಿ ಒಬ್ಬರು ಕಡಿಮೆಯಾಗಿ ಟೀವಿ ಆನ್ ಆಗುತ್ತದೆ. ರಜಾದಿನ ಇಡಿ. ನಮ್ಮ ಪಾಳಿಯ ಪಟ್ಟಿಗಳನ್ನು ತೆಗೆದುಕೊಂಡು ಬರುತ್ತೇವೆ.

ಇಂತಿ,
ಮಕ್ಕಳ ಆರೈಕೆ ಕೇಂದ್ರವೊಂದರ ಕೆಲಸಗಾರ್ತಿ